ನೋಡುವುದೋ, ಮುಟ್ಟುವುದೋ: ನಾಗಪುರದ ಗೋರೆವಾಡಕ್ಕೆ ಮೊದಲ ಸಲ ಹೋಗುವವರಿಗೆ

ನಮ್ಮ ಕಡೆಯ ಹೆಚ್ಚಿನವರಿಗೆ ನಾಗಪುರ ಎಂದರೆ ಕಿತ್ತಳೆ, ದೀಕ್ಷಾಭೂಮಿ. ಅಷ್ಟೂ ಬೇಡದವರಿಗೆ ತಾಡೋಬಾಕ್ಕೋ ಪೇಂಚ್‌ಗೋ ಹೋಗಲು ಟ್ಯಾಕ್ಸಿ ಹಿಡಿಯುವ ಊರು. ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ ಬಂದು ಇಳಿದ ಕುಟುಂಬಗಳು ಚಹಾ ಕುಡಿದು ಹುಲಿ ನೋಡಲು ದೂರದ ಕಾಡಿಗೆ ಹೊರಟುಬಿಡುತ್ತವೆ. ಊರಿನ ವಾಯವ್ಯ ಅಂಚಿನಲ್ಲಿ, ಕಾಟೋಲ್ ರಸ್ತೆಯ ಪಕ್ಕದಲ್ಲೇ ಹುಲಿಗಳಿರುವ ಕಾಡೊಂದು ಇದೆ ಎಂಬುದು ಎಷ್ಟೋ ಜನರಿಗೆ ವಾಪಸು ಬಂದ ಮೇಲೆ ಗೊತ್ತಾಗುತ್ತದೆ. ಅದೇ ಗೋರೆವಾಡ. ಸುಮಾರು 1,900 ಹೆಕ್ಟೇರ್ ವಿಸ್ತಾರ. ಒಂದು ಮಗ್ಗುಲಲ್ಲಿ ನಗರಕ್ಕೆ ನೀರು ಕೊಡಲೆಂದು ಬ್ರಿಟಿಷರ ಕಾಲದಲ್ಲಿ ಕಟ್ಟಿದ ಕೆರೆ, ಸುತ್ತ ಸಾಗುವಾನಿ ಮತ್ತು ಕುರುಚಲು ಕಾಡು.

ಇದರ ಪೂರ್ತಿ ಹೆಸರು ಬಾಳಾಸಾಹೇಬ ಠಾಕ್ರೆ ಗೋರೆವಾಡ ಅಂತರರಾಷ್ಟ್ರೀಯ ಪ್ರಾಣಿ ಉದ್ಯಾನ. 2021ರ ಜನವರಿ 26ರಂದು ಆಗಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಇಲ್ಲಿನ 'ಇಂಡಿಯನ್ ಸಫಾರಿ'ಯನ್ನು ಉದ್ಘಾಟಿಸಿದರು. ಹೆಸರಿನ ವಿಚಾರಕ್ಕೆ ಆಗ ಗದ್ದಲವೂ ಆಯಿತು. ನಾಗಪುರವನ್ನು ಕಟ್ಟಿದವನು ಗೊಂಡ ದೊರೆ ಬಖ್ತ್ ಬುಲಂದ್ ಶಾಹ, ಆದ್ದರಿಂದ ಗೊಂಡವಾನದ ಹೆಸರೇ ಇರಲಿ ಎಂದು ಆದಿವಾಸಿ ಸಂಘಟನೆಗಳು ಪಟ್ಟು ಹಿಡಿದಿದ್ದವು. ಆಟೋದವರಿಗೆ ಈ ಯಾವ ಉದ್ದದ ಹೆಸರೂ ಬೇಕಿಲ್ಲ. 'ಗೋರೆವಾಡಾ ಝೂ' ಎಂದರೆ ಸಾಕು.

ಹೋಗುವ ಮುಂಚೆ ಒಂದು ವಿಷಯ ತಿಳಿದಿರಬೇಕು, ಇಲ್ಲದಿದ್ದರೆ ಬಸ್ಸಿನ ಕಿಟಕಿಯಿಂದ ಕಾಣುವುದು ಅರ್ಧ ಮಾತ್ರ. ಸಫಾರಿ ಶುರುವಾಗುವ ಎಷ್ಟೋ ಮೊದಲೇ, 2015ರ ಹೊತ್ತಿಗೆ, ಇಲ್ಲಿ ವನ್ಯಜೀವಿ ರಕ್ಷಣಾ ಕೇಂದ್ರ ಕೆಲಸ ಆರಂಭಿಸಿತ್ತು. ಚಂದ್ರಪುರ, ಭಂಡಾರ, ಯವತ್ಮಾಳದ ಹೊಲ ಮತ್ತು ಹಳ್ಳಿಗಳಲ್ಲಿ ಜನರ ಜತೆ ಜಟಾಪಟಿಗೆ ಬಿದ್ದ ಹುಲಿ, ಬಾವಿಗೆ ಬಿದ್ದ ಚಿರತೆ, ತಾಯಿಯಿಂದ ಬೇರೆಯಾದ ಕರಡಿ ಮರಿ, ಎಲ್ಲವೂ ಬಂದು ಸೇರುವುದು ಇಲ್ಲಿಗೆ. ಯವತ್ಮಾಳದ ಪಾಂಢರಕವಡಾದಲ್ಲಿ 2018ರ ನವೆಂಬರ್‌ನಲ್ಲಿ ಗುಂಡಿಗೆ ಬಲಿಯಾಗಿ ದೇಶದಲ್ಲೆಲ್ಲ ಸುದ್ದಿಯಾದ ಹೆಣ್ಣುಹುಲಿ ಅವನಿಯ ಮರಣೋತ್ತರ ಪರೀಕ್ಷೆ ನಡೆದದ್ದೂ ಇಲ್ಲೇ. ಅಂದರೆ ಗೋರೆವಾಡ ಪ್ರವಾಸಿಗಾಗಿ ಪ್ರಾಣಿ ತಂದಿಟ್ಟ ಜಾಗವಲ್ಲ. ಕಾಡಿಗೆ ಮರಳಲಾಗದ ಪ್ರಾಣಿಗಳು ಮೊದಲು ಬಂದವು, ನಮಗೆ ಟಿಕೆಟ್ ಕೊಟ್ಟದ್ದು ಆಮೇಲೆ.

ಹಾಗೆ ಬಂದವರಲ್ಲಿ ಒಬ್ಬನ ಹೆಸರು ಕೇಳಿದರೆ ಕನ್ನಡಿಗರ ಮುಖ ಅರಳುತ್ತದೆ: ರಾಜಕುಮಾರ್. ಭಂಡಾರ ಜಿಲ್ಲೆಯ ತುಮಸರ್ ಕಡೆ ಸೆರೆಸಿಕ್ಕ ಗಂಡುಹುಲಿ ಅದು. ಸಫಾರಿ ಶುರುವಾದಾಗ ಮೊದಲು ಅಂಗಳಕ್ಕೆ ಬಿಟ್ಟ ಹುಲಿಗಳಲ್ಲೊಂದು. ಹೆಸರಿಟ್ಟವರಿಗೆ ನಮ್ಮ ಅಣ್ಣಾವ್ರ ನೆನಪಿತ್ತೋ ಇಲ್ಲವೋ. 'ಗಂಧದ ಗುಡಿ'ಯ ಅರಣ್ಯಾಧಿಕಾರಿಯನ್ನು ಕಂಡ ನಮಗಂತೂ ಈ ಹೆಸರು ಹೊಂದಿಕೊಂಡೇ ಇದೆ ಅನ್ನಿಸುತ್ತದೆ.

ಸಫಾರಿಯ ಅಂಗಳ ನಾಲ್ಕು ಭಾಗ: ಹುಲಿಗೆ, ಚಿರತೆಗೆ, ಕರಡಿಗೆ ಒಂದೊಂದು, ಸಸ್ಯಾಹಾರಿಗಳಿಗೆ ಇನ್ನೊಂದು. ಬಸ್ಸು ಹೊರ ಗೇಟು ದಾಟಿ ನಿಲ್ಲುತ್ತದೆ. ಹಿಂದಿನ ಗೇಟು ಪೂರ್ತಿ ಮುಚ್ಚುವ ತನಕ ಮುಂದಿನದು ತೆರೆಯುವುದಿಲ್ಲ. ಆ ಎರಡು ಗೇಟುಗಳ ನಡುವೆ ಬಸ್ಸಿನೊಳಗಿನ ಮಾತು ತಾನಾಗಿ ತಗ್ಗುತ್ತದೆ, ಮಕ್ಕಳು ಕಿಟಕಿಗೆ ಅಂಟಿಕೊಳ್ಳುತ್ತಾರೆ. ಪಂಜರದಲ್ಲಿ ಇದ್ದೇವೆ ಎಂದು ಮನುಷ್ಯನಿಗೆ ಅನ್ನಿಸುವ ಅಪರೂಪದ ಗಳಿಗೆ. ಒಳಗೆ ಹೋದ ಮೇಲೆ ಹುಲಿ ಕಂಡೇ ಕಾಣುತ್ತದೆಂದು ಹೇಳುವ ಹಾಗಿಲ್ಲ. ಒಂದೊಂದು ಅಂಗಳವೂ ಹತ್ತಾರು ಎಕರೆ. ಹುಲಿ ಪೊದೆಯ ನೆರಳಲ್ಲಿ ಮಲಗಿದ್ದರೆ ಕಿವಿಯ ಹಿಂದಿನ ಬಿಳಿ ಚುಕ್ಕೆಯಷ್ಟೇ ಕಂಡೀತು. 'ಇಷ್ಟು ದುಡ್ಡು ಕೊಟ್ಟು ಕಿವಿ ನೋಡಿದೆವು' ಎಂದು ಗೊಣಗುವವರು ಪ್ರತಿ ಬಸ್ಸಿನಲ್ಲೂ ಸಿಗುತ್ತಾರೆ. ನನ್ನ ಮಟ್ಟಿಗೆ ಹುಲಿ ಕಾಣದ ಸಫಾರಿಯೇ ಗೋರೆವಾಡದ ಬಗ್ಗೆ ಒಳ್ಳೆಯ ಮಾತು ಹೇಳುತ್ತದೆ: ಅಡಗಿಕೊಳ್ಳುವಷ್ಟು ಜಾಗ ಅದಕ್ಕೆ ಸಿಕ್ಕಿದೆ. ಮಲೆನಾಡಿನವರು ನೀಲಗಾಯಿಯನ್ನು ಸಾವಕಾಶ ನೋಡಲಿ, ನಮ್ಮಲ್ಲಿ ಅದು ಕಾಣಸಿಗುವುದು ಅಪರೂಪ. ಕರಡಿ ಬೇಕಾದವರಿಗೆ ಹಂಪಿ ಪಕ್ಕದ ದರೋಜಿಯೇ ಇದೆ.

ಹೋಗುವುದಾದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ, ಅದೂ ಬೆಳಗಿನ ಮೊದಲ ಬಸ್ಸಿಗೆ. ವಿದರ್ಭದ ಮೇ ತಿಂಗಳು ಸಾಮಾನ್ಯದ್ದಲ್ಲ. 45 ಡಿಗ್ರಿ ದಾಟಿದ ಮಧ್ಯಾಹ್ನಗಳಲ್ಲಿ ಊರಿಗೆ ಊರೇ ಕೂಲರ್ ಮುಂದೆ ಬಿದ್ದಿರುತ್ತದೆ. ಪೇಟೆಯೊಳಗಿನ ಹಳೆಯ ಮಹಾರಾಜಬಾಗ್ ಮೃಗಾಲಯದಲ್ಲಿ ಬೇಸಿಗೆ ಬಂತೆಂದರೆ ಹುಲಿ, ಚಿರತೆಗಳ ಗೂಡಿಗೂ ಕೂಲರ್ ಇಡುತ್ತಾರೆ, ಮೇಲೆ ಹಸಿರು ಬಲೆ ಕಟ್ಟುತ್ತಾರೆ. ಭೋಸಲೆ ಅರಸರ ತೋಟವಾಗಿದ್ದು 1894ರಲ್ಲಿ ಮೃಗಾಲಯವಾದ ಜಾಗ ಅದು, ಈಗ ಕೃಷಿ ವಿಶ್ವವಿದ್ಯಾಲಯದ ಕೈಯಲ್ಲಿದೆ. ಜಾಗ ಸಾಲದು, ವ್ಯವಸ್ಥೆ ಸಾಲದು ಎಂದು ಕೇಂದ್ರ ಮೃಗಾಲಯ ಪ್ರಾಧಿಕಾರ 2018ರಲ್ಲಿ ಅದರ ಮಾನ್ಯತೆಗೇ ಕೈ ಹಾಕಿತ್ತು. ಎರಡನ್ನೂ ಒಂದೇ ದಿನ ನೋಡಿದವರಿಗೆ ಮೃಗಾಲಯದ ಕಲ್ಪನೆ ನೂರಿಪ್ಪತ್ತು ವರ್ಷಗಳಲ್ಲಿ ಎಷ್ಟು ಬದಲಾಯಿತೆಂದು ಯಾರೂ ವಿವರಿಸಬೇಕಿಲ್ಲ. ವಾರದ ರಜೆ ಯಾವತ್ತೆಂದು ಹೊರಡುವ ಮುನ್ನ ಖಚಿತ ಮಾಡಿಕೊಳ್ಳಿ. ವಾರಕ್ಕೆ ಒಂದು ದಿನವಾದರೂ ಮೃಗಾಲಯ ಮುಚ್ಚಿರಲೇಬೇಕೆಂದು ನಿಯಮವಿದೆ. ಮೈಸೂರು, ಬನ್ನೇರುಘಟ್ಟದ ಮಂಗಳವಾರ ಎಲ್ಲ ಊರಿಗೂ ಅನ್ವಯಿಸುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಮನೆಯ ಮಕ್ಕಳು ಕೇಳುವ ಪ್ರಶ್ನೆ ಒಂದೇ: 'ಮುಟ್ಟಬಹುದಾ?' ಫೋನಿನಲ್ಲಿ ಅವರು ನೋಡುವುದು ಪ್ರಾಣಿ ಕೆಫೆಗಳ ವಿಡಿಯೊ. ಕಾಫಿ ಕುಡಿಯುವವರ ತೊಡೆಯ ಮೇಲೆ ಬೆಕ್ಕು, ಹೆಗಲ ಮೇಲೆ ಗೂಬೆ, ಮೇಜಿನ ಕೆಳಗೆ ನೀರುನಾಯಿ. 1998ರಲ್ಲಿ ತೈಪೆಯಲ್ಲಿ ಮೊದಲ ಬೆಕ್ಕಿನ ಕೆಫೆ ತೆರೆಯಿತು. 2004ರಲ್ಲಿ ಒಸಾಕಾಕ್ಕೆ ಬಂದ ಮೇಲೆ ಜಪಾನಿನಲ್ಲಿ ಅದು ಹುಚ್ಚಿನಂತೆ ಹಬ್ಬಿತು. ಬಾಡಿಗೆ ಮನೆಯಲ್ಲಿ ಪ್ರಾಣಿ ಸಾಕಲು ಬಿಡದ ಊರುಗಳಲ್ಲಿ ಗಂಟೆಗಿಷ್ಟೆಂದು ಕೊಟ್ಟು ಬೆಕ್ಕಿನ ಜತೆ ಕೂರುವುದು ಅರ್ಥವಾಗುವಂಥದ್ದೇ. ಮುಂಬೈನ ವರ್ಸೋವಾದಲ್ಲಿ, ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ಇಂಥವು ಬಂದು ವರ್ಷಗಳಾದವು. ಬೆಕ್ಕು, ನಾಯಿಯ ಮಟ್ಟಿಗೆ ನನ್ನ ತಕರಾರಿಲ್ಲ. ತಕರಾರು ಶುರುವಾಗುವುದು ನೀರುನಾಯಿಯಲ್ಲಿ.

ಟೋಕಿಯೊ ಕೆಫೆಗಳಲ್ಲಿ ಕೈ ಕುಲುಕುವ ಚಿಕ್ಕ ಉಗುರಿನ ನೀರುನಾಯಿ ನಮ್ಮ ಪಶ್ಚಿಮಘಟ್ಟದ ಹೊಳೆಗಳಲ್ಲೂ ಇದೆ. ಅದರ ದಾಯಾದಿ, ನಯವಾದ ತುಪ್ಪಳದ ದೊಡ್ಡ ನೀರುನಾಯಿ ತುಂಗಭದ್ರೆಯಲ್ಲಿದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಅದಕ್ಕೆಂದೇ ಸಂರಕ್ಷಿತ ಪ್ರದೇಶ ಮಾಡಲಾಗಿದೆ. ಕೆಫೆ ಮತ್ತು ಸಾಕುವ ಖಯಾಲಿಗಾಗಿ ಮರಿಗಳ ಕಳ್ಳಸಾಗಣೆ ಹೆಚ್ಚಿದ್ದರಿಂದ 2019ರಲ್ಲಿ ಈ ಎರಡೂ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದ ನಿಷೇಧಿಸಿತು. ದಕ್ಷಿಣ ಕೊರಿಯಾ ಇನ್ನೂ ಮುಂದೆ ಹೋಯಿತು. ಮೀರ್‌ಕ್ಯಾಟ್, ರಕೂನ್ ಇಟ್ಟು ನಡೆಸುತ್ತಿದ್ದ ಕೆಫೆಗಳಿಗೆ 2023ರ ಡಿಸೆಂಬರ್‌ನಿಂದ ತಡೆ ಹಾಕಿ, ಮೊದಲಿನಿಂದ ಇದ್ದವರಿಗೆ ನಾಲ್ಕು ವರ್ಷ ಅವಕಾಶ ಕೊಟ್ಟಿತು. ನಮ್ಮ ನಾಡಿನ ಕಾಡುಪ್ರಾಣಿಗಳ ಮಟ್ಟಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಆ ಬಾಗಿಲು ಮುಚ್ಚಿದೆ. ನಕ್ಷತ್ರ ಆಮೆ ಬಿಡಿ, ಪಂಜರದ ಹಸಿರು ಗಿಳಿಯೂ ಕಾನೂನಿನ ಕಣ್ಣಿಗೆ ಅಪರಾಧವೇ. ಮೃಗಾಲಯದಲ್ಲಿ ಪ್ರಾಣಿಯನ್ನು ರೇಗಿಸುವುದು, ತಿನ್ನಿಸುವುದು, ಗಲಾಟೆ ಮಾಡುವುದು, ಕಸ ಎಸೆಯುವುದು ಅದೇ ಕಾಯ್ದೆಯ 38ಜೆ ಕಲಮಿನಡಿ ನಿಷಿದ್ಧ. ಗೋರೆವಾಡದ ಬಸ್ಸಿನಿಂದ ಬಿಸ್ಕತ್ತು ತೋರಿಸುವವರು ಈ ಕಲಮನ್ನು ಒಮ್ಮೆ ಓದಿಕೊಂಡು ಹೋಗಲಿ.

ಆದರೂ ಮುಟ್ಟಿಯೇ ತೀರಬೇಕೆಂಬ ಮಗುವಿಗೆ ಯಾವುದೇ ಊರಿನ ನಾಯಿ ಅಥವಾ ಬೆಕ್ಕಿನ ಕೆಫೆ ಆದೀತು. ಒಳಗೆ ಹೋದ ಕೂಡಲೇ ಮೆನು ಬಿಟ್ಟು ಮೂಲೆಗಳನ್ನು ನೋಡಿ. ಬೆಕ್ಕಿಗೆ ಏರಿ ಕೂರಲು ಎತ್ತರದ ಹಲಗೆ ಇದೆಯೇ? ಜನರಿಂದ ತಪ್ಪಿಸಿಕೊಂಡು ಹೋಗಲು ಜನ ಹೋಗಲಾಗದ ಇನ್ನೊಂದು ಕೋಣೆ ಇದೆಯೇ? ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ನಿದ್ದೆ ಮಾಡುವ ಪ್ರಾಣಿ ಅದು. ಮಲಗಿದ್ದನ್ನು ಎಬ್ಬಿಸಿ ಗಿರಾಕಿಯ ತೊಡೆಗೆ ಹಾಕುವ ಕೆಫೆಯಿಂದ ಕಾಫಿ ಬಿಟ್ಟು ಎದ್ದು ಬನ್ನಿ. ಅಡುಗೆಮನೆಗೂ ಪ್ರಾಣಿಗಳ ಕೋಣೆಗೂ ನಡುವೆ ಬಾಗಿಲಿರಬೇಕು. ಲಸಿಕೆಯ ಪುಸ್ತಕ ಕೇಳಿದರೆ ಮುಖ ಗಂಟಿಕ್ಕದೆ ತೋರಿಸಬೇಕು. ಬೀದಿಯಿಂದ ರಕ್ಷಿಸಿ ತಂದು, ಸಾಕುವವರು ಸಿಕ್ಕಿದರೆ ಕೊಟ್ಟು ಕಳಿಸುವ ಕೆಫೆಗೂ, ಬೆಲೆಬಾಳುವ ತಳಿಗಳನ್ನು ಕೊಂಡು ತಂದು ಕೂರಿಸಿದ ಕೆಫೆಗೂ ಬಹಳ ಅಂತರವಿದೆ. ಹಿಮದ ನಾಡಿನ ಹಸ್ಕಿಯನ್ನು ನಾಗಪುರದಂಥ ಊರಿನಲ್ಲಿ ಎ.ಸಿ. ಹಾಕಿ ಸಾಕುವುದನ್ನು ನಾನಂತೂ ಪ್ರೀತಿ ಎನ್ನಲಾರೆ. ಮುಧೋಳದ ನಾಯಿಗೆ ಮೈಮೇಲೆ ಯಾಕಷ್ಟು ಗಿಡ್ಡ ಕೂದಲೆಂದು ಬಾಗಲಕೋಟೆಯ ಬಿಸಿಲನ್ನು ಕೇಳಿದರೆ ಸಾಕು.

ಮಗುವಿಗೆ ಹೇಳಿಕೊಡಬೇಕಾದ್ದೂ ಹೆಚ್ಚಿಲ್ಲ. ಕೆಳಗೆ ಕೂತು ಕೈ ಚಾಚು, ಅದು ಬಂದು ಮೂಸಲಿ. ಬಾರದಿದ್ದರೆ ಇವತ್ತು ಇಲ್ಲ. ಬಾಲ ಬಡಿಯುತ್ತಿರುವ ಬೆಕ್ಕು, ತಿನ್ನುತ್ತಿರುವ ನಾಯಿ, ಇಬ್ಬರನ್ನೂ ಮುಟ್ಟಬೇಡ. ಪರಚಿದರೆ ಮುಚ್ಚಿಡಬೇಡ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಡಾಕ್ಟರಿಗೆ ತೋರಿಸಬೇಕು. ರೇಬಿಸ್ ವಿಷಯದಲ್ಲಿ 'ಸಾಕಿದ್ದು ತಾನೇ' ಎಂಬ ಸಮಾಧಾನ ನಡೆಯುವುದಿಲ್ಲ.

ಪ್ರಾಣಿಗಳಿಗೆ ಹಾಕಲೆಂದು ಮನೆಯಿಂದ ಕೋಳಿಯ ತುಂಡು ಕಟ್ಟಿಕೊಂಡು ಹೋಗುವ ಚಾಳಿಯಂತೂ ಬೇಡವೇ ಬೇಡ. ಇದನ್ನು ಒತ್ತಿ ಹೇಳಲು ಗೋರೆವಾಡದಲ್ಲೇ ಕಾರಣವಿದೆ. 2024ರ ಡಿಸೆಂಬರ್ ಕೊನೆಯಲ್ಲಿ ಇಲ್ಲಿನ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಒಂದರ ಹಿಂದೊಂದು ಸತ್ತವು. ಹುಲಿಗಳು ಚಂದ್ರಪುರದಿಂದ ತಂದವು. ಮಾದರಿಗಳು ಭೋಪಾಲದ ಪ್ರಯೋಗಾಲಯಕ್ಕೆ ಹೋದವು. ಜನವರಿಯಲ್ಲಿ ಬಂದ ವರದಿ ಎಚ್5ಎನ್1 ಎಂದಿತು, ಅಂದರೆ ಹಕ್ಕಿಜ್ವರ. ರಾಜ್ಯದ ಮೃಗಾಲಯಗಳೆಲ್ಲ ಎಚ್ಚೆತ್ತುಕೊಂಡವು. ಅದರ ಹಿಂದೆಯೇ ಮಧ್ಯಪ್ರದೇಶದ ಗಡಿಯಾಚೆ, ನಾಗಪುರಕ್ಕೆ ನೆರೆಯ ಛಿಂದ್‌ವಾಡಾದಲ್ಲಿ ಮನೆಯ ಬೆಕ್ಕುಗಳಲ್ಲೂ ಅದೇ ವೈರಾಣು ಸಿಕ್ಕಿತು. ಹುಲಿಯೂ ಬೆಕ್ಕೂ ಒಂದೇ ಕುಲ. ಸೋಂಕಿದ ಹಕ್ಕಿ, ಹಸಿ ಕೋಳಿಮಾಂಸ, ಅಂಗಡಿಯ ತ್ಯಾಜ್ಯ ಇವುಗಳ ಮೂಲಕ ಈ ರೋಗ ಬೆಕ್ಕಿನ ಕುಲಕ್ಕೆ ದಾಟುತ್ತದೆ. ಚೆನ್ನಾಗಿ ಬೇಯಿಸಿದ ಮಾಂಸದಲ್ಲಿ ವೈರಾಣು ಉಳಿಯುವುದಿಲ್ಲ. ಆದ್ದರಿಂದ ಬೆಕ್ಕಿನ ಕೆಫೆಗೆ ಹೋದಾಗ 'ಇವಕ್ಕೆ ಹಸಿ ಮಾಂಸ ಹಾಕುತ್ತೀರಾ?' ಎಂಬ ಪ್ರಶ್ನೆ ವಿಚಿತ್ರವೇನಲ್ಲ.

ನಾಗಪುರದಲ್ಲಿ ಪ್ರಾಣಿಗೆ ಅನ್ನ ಹಾಕುವ ವಿಷಯ ಕೋರ್ಟಿಗೂ ಹೋಗಿದೆ. ಬೀದಿನಾಯಿಗೆ ತಿಂಡಿ ಹಾಕುವವರು ಅದನ್ನು ದತ್ತು ತೆಗೆದುಕೊಂಡು ಮನೆಗೆ ಒಯ್ಯಲಿ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರ ಅಕ್ಟೋಬರ್‌ನಲ್ಲಿ ಹೇಳಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್, ಈ ಮಾತಿನ ಮೇಲೆ ಯಾರ ಮೇಲೂ ಬಲವಂತದ ಕ್ರಮ ಬೇಡ ಎಂದಿತು. ಬೀದಿಯಲ್ಲಿ ಇವತ್ತಿಗೂ ಎರಡೂ ಪಕ್ಷದವರಿದ್ದಾರೆ. ತರ್ರಿ ಪೋಹಾ ಗಾಡಿಯ ಮುಂದೆ ಬೆಳಿಗ್ಗೆ ನಿಂತರೆ ಅವಲಕ್ಕಿಯ ತಟ್ಟೆಗಾಗಿ ಕಾಯುವ ನಾಯಿಗಳೂ ಅಲ್ಲೇ ಇರುತ್ತವೆ.

ಗೋರೆವಾಡದಿಂದ ಪೇಟೆಗೆ ಮರಳುವ ದಾರಿಯಲ್ಲಿ ಸೆಮಿನರಿ ಹಿಲ್ಸ್ ಇದೆ. ಅಲ್ಲಿ ಅರಣ್ಯ ಇಲಾಖೆಯ ಟ್ರಾನ್ಸಿಟ್ ಟ್ರೀಟ್‌ಮೆಂಟ್ ಸೆಂಟರ್ 2015ರಿಂದ ನಡೆಯುತ್ತಿದೆ. ಗಾಯಗೊಂಡ ಕಾಡುಪ್ರಾಣಿ, ಹಕ್ಕಿಗಳಿಗೆ ಚಿಕಿತ್ಸೆ ಕೊಟ್ಟು ಬಿಡುಗಡೆ ಮಾಡುವ ಕೇಂದ್ರ ಇದು. ಟಿಕೆಟ್ ಕೊಂಡು ನೋಡುವ ಜಾಗವಲ್ಲ ಅದು, ಆಸ್ಪತ್ರೆ. ಸಂಕ್ರಾಂತಿಯ ಹೊತ್ತಿಗೆ ನಾಗಪುರದಲ್ಲಿ ಗಾಳಿಪಟದ ಅಬ್ಬರ. ನೈಲಾನ್ ಮಾಂಜಾಕ್ಕೆ 2017ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಿಷೇಧ ಹೇರಿದ್ದರೂ ಮರಗಳಲ್ಲಿ ಅದು ಜೋತಾಡುತ್ತಲೇ ಇರುತ್ತದೆ. ರೆಕ್ಕೆ ಕೊಯ್ದುಕೊಂಡ ಹದ್ದು, ಗೂಬೆ, ಬಕಗಳು ಈ ಕೇಂದ್ರಕ್ಕೆ ಬರುತ್ತವೆ. ಜನವರಿಯಲ್ಲಿ ನಾಗಪುರಕ್ಕೆ ಹೋಗುವವರು ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926 ಅನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮಾಂಜಾ ದಾರದಲ್ಲಿ ಸಿಕ್ಕಿಬಿದ್ದ ಹಕ್ಕಿ ಕಂಡರೆ ಎಳೆದು ಬಿಡಿಸಲು ಹೋಗಬೇಡಿ, ದಾರ ಇನ್ನಷ್ಟು ಒಳಗಿಳಿಯುತ್ತದೆ. ಅಕ್ಕಪಕ್ಕದ ದಾರವನ್ನಷ್ಟೇ ಕತ್ತರಿಸಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಾಗಿ ಇಟ್ಟು, ಫೋನ್ ಮಾಡಿ.