‘ಸ್ಟ್ರೋಕ್’ ಎಂಬ ಪೆಟ್ಟು

ಇಂಗ್ಲಿಷಿನ ‘ಸ್ಟ್ರೋಕ್’ ಪದಕ್ಕೆ ಅರ್ಥಗಳು ಹಲವು. ಈಜುಗಾರನ ಕೈಬೀಸು, ಕುಂಚದ ಒಂದು ಎಳೆತ, ಗಡಿಯಾರದ ಗಂಟೆಯ ಬಡಿತ, ಬೆಕ್ಕಿನ ಬೆನ್ನು ಸವರುವುದು ಸಹ ಸ್ಟ್ರೋಕ್! ಹೊಡೆಯುವುದೆಂಬ ಅರ್ಥದ ‘ಸ್ಟ್ರೈಕ್’ ಇದರ ಸೋದರಪದ. ಹಠಾತ್ತನೆ ಎರಗುವ ಪಾರ್ಶ್ವವಾಯುವನ್ನು ದೇವರ ಕೈಯಿಂದ ಬಿದ್ದ ಪೆಟ್ಟೆಂದು ಬಗೆದು ಆಂಗ್ಲರು ಅದಕ್ಕೂ ಈ ಹೆಸರನ್ನೇ ಇಟ್ಟರು. ನಮ್ಮ ಆಯುರ್ವೇದದ ‘ಪಕ್ಷಾಘಾತ’ದಲ್ಲಿಯೂ ಆಘಾತವಿದೆ, ಹಳ್ಳಿಗರು ‘ಲಕ್ವಾ ಹೊಡೆಯಿತು’ ಎನ್ನುತ್ತಾರೆ.

ಆದರೆ ಪೆಟ್ಟು ಹೊರಗಿನದಲ್ಲ. ಮೆದುಳಿನ ರಕ್ತನಾಳವು ಕಟ್ಟಿಕೊಳ್ಳುತ್ತದೆ, ಇಲ್ಲವೆ ಒಡೆಯುತ್ತದೆ. ಬಿಸಿಲಿನ ತಾಪದಿಂದಾಗುವ ‘ಹೀಟ್ ಸ್ಟ್ರೋಕ್’ ಬೇರೆಯೇ ವ್ಯಾಧಿ. ಹೆಸರಿನ ಸಾಮ್ಯಕ್ಕೆ ಮೋಸಹೋಗಿ, ಬಾಯಿ ಸೊಟ್ಟಗಾದವರಿಗೆ ಮಜ್ಜಿಗೆ ಕುಡಿಸಿ ನೆರಳಿನಲ್ಲಿ ಮಲಗಿಸಿದ್ದನ್ನು ನಾವು ಕಂಡಿದ್ದೇವೆ. ನುಂಗುವ ಶಕ್ತಿ ಕುಂದಿದ್ದರೆ ಆ ಮಜ್ಜಿಗೆ ಶ್ವಾಸಕೋಶಕ್ಕಿಳಿದೀತು.

ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ ಕೂಡಲೇ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಿರಿ. ನಾಳದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಮೊದಲ 4.5 ಗಂಟೆಗಳಷ್ಟೇ ಅವಕಾಶ. ತೈಲಾಭ್ಯಂಗಕ್ಕೆಂದು ಮೊದಲು ನಮ್ಮಲ್ಲಿಗೆ ಬಂದು ಆ ಹೊತ್ತನ್ನು ಕಳೆದುಕೊಂಡವರುಂಟು. ನಮ್ಮ ತೈಲ ಆಮೇಲೆ.