ನಾಲ್ಕು ಜಿಬಿಯ ಗೋಡೆ, ಮೂವತ್ತೆರಡು ಜಿಬಿಯ ಬೀಗ

ಹೊಸ ಸರ್ವರ್‌ಗೆ 8 ಜಿಬಿ ರ‍್ಯಾಮ್ ತುಂಬಿಸಿ ಚಾಲೂ ಮಾಡಿದರೆ ತೆರೆಯಲ್ಲಿ ಕಾಣುತ್ತಿದ್ದುದು ನಾಲ್ಕೇ. ಕೆಲವೊಮ್ಮೆ ಮೂರು ಚಿಲ್ಲರೆ. ವಿಂಡೋಸ್ ಸರ್ವರ್ 2003ರ 32 ಬಿಟ್ ಸ್ಟ್ಯಾಂಡರ್ಡ್ ಆವೃತ್ತಿ ಹಾಕಿಕೊಂಡವರಿಗೆಲ್ಲ ಇದೇ ಪಾಡು. ರ‍್ಯಾಮ್ ಕೆಟ್ಟಿರಬೇಕೆಂದು ಅಂಗಡಿಯವನ ಜತೆ ಜಗಳ ಬೇರೆ.

ಮೂಲ ಕಾರಣ ಲೆಕ್ಕದ್ದು. 1985ರಲ್ಲಿ ಇಂಟೆಲ್ ತಂದ 80386 ಚಿಪ್ ಮೆಮೊರಿಯ ವಿಳಾಸವನ್ನು 32 ಬಿಟ್‌ಗಳಲ್ಲಿ ಬರೆಯುತ್ತಿತ್ತು. ಅಷ್ಟರಲ್ಲಿ ಗುರುತಿಸಬಹುದಾದ ಬೈಟ್‌ಗಳು 4,29,49,67,296, ಅಂದರೆ 4 ಜಿಬಿ. ಹಿಂದಿನ 286ರ ಮಿತಿ 16 ಎಂಬಿಯಾಗಿದ್ದಾಗ, ನಾಲ್ಕು ಜಿಬಿ ಸಾಲದೇ ಬಂದೀತೆಂದು ಯಾರು ತಲೆಕೆಡಿಸಿಕೊಂಡಾರು?

ಹತ್ತೇ ವರ್ಷದಲ್ಲಿ ಗೋಡೆ ಒಡೆಯಿತು. 1995ರ ಪೆಂಟಿಯಂ ಪ್ರೊ ವಿಳಾಸವನ್ನು 36 ಬಿಟ್‌ಗೆ ಹಿಗ್ಗಿಸಿ 64 ಜಿಬಿವರೆಗೆ ದಾರಿ ಮಾಡಿತು. ಆದರೂ ವಿಂಡೋಸ್ 2000 ಸರ್ವರ್ ನಾಲ್ಕಕ್ಕೇ ನಿಂತಿತು. ಅಡ್ವಾನ್ಸ್‌ಡ್ ಸರ್ವರ್ ಕೊಂಡರೆ ಎಂಟು, ಡೇಟಾಸೆಂಟರ್ ಕೊಂಡರೆ 32. ಚಿಪ್ ಒಂದೇ, ಮಿತಿ ಮಾತ್ರ ಮೂರು! ಅಟ್ಟಕ್ಕೆ ಬೀಗ ಜಡಿದು, ಬಾಡಿಗೆ ಹೆಚ್ಚಿಸಿದರೆ ಕೀಲಿ ಕೊಡುವ ಮನೆ ಮಾಲೀಕನ ಜಾಣತನ ಇದು.

ನಿಜವಾದ ಬಿಡುಗಡೆ ತಂದದ್ದು 64 ಬಿಟ್. 2003ರ ಏಪ್ರಿಲ್ 22ರಂದು ಎಎಂಡಿ ಆಪ್ಟೆರಾನ್ ಬಂತು. ಎರಡೇ ದಿನ ಬಿಟ್ಟು ವಿಂಡೋಸ್ ಸರ್ವರ್ 2003. ಆದರೆ ಆ ಚಿಪ್‌ಗೆ ಒಗ್ಗುವ 64 ಬಿಟ್ ವಿಂಡೋಸ್‌ಗಾಗಿ 2005ರವರೆಗೆ ಕಾಯಬೇಕಾಯಿತು. ಬಂದ ಮೇಲೂ ಸುಲಭವಿರಲಿಲ್ಲ. 32ರಿಂದ 64ಕ್ಕೆ ಇದ್ದಲ್ಲೇ ಅಪ್‌ಗ್ರೇಡ್ ಆಗದು. ಬ್ಯಾಕಪ್ ತೆಗೆದು, ಹೊಸದಾಗಿ ಇನ್‌ಸ್ಟಾಲ್ ಮಾಡಿ, ಎಲ್ಲವನ್ನೂ ಮತ್ತೆ ಜೋಡಿಸಬೇಕು. ಹಳೇ ಡ್ರೈವರ್‌ಗಳು ಕೆಲಸಕ್ಕೆ ಬಾರವು. ಸರ್ವರ್ ಚೆನ್ನಾಗಿ ಎದ್ದು ಕೂತರೂ ಮೂಲೆಯ ಹಳೇ ಪ್ರಿಂಟರ್ ಉಸಿರೆತ್ತದು.

2009ರ ಸರ್ವರ್ 2008 ಆರ್2 ಬಂದಾಗ 32 ಬಿಟ್ ಆವೃತ್ತಿಯೇ ಇರಲಿಲ್ಲ. ಗೋಡೆ ಹೋಯಿತು, ಬೀಗ ಉಳಿಯಿತು: ಸ್ಟ್ಯಾಂಡರ್ಡ್‌ಗೆ 32 ಜಿಬಿ, ಎಂಟರ್‌ಪ್ರೈಸ್‌ಗೆ 2 ಟಿಬಿ. ತಮಾಷೆಯೆಂದರೆ ಈ ಅಂತರ ದಾಟಲು ಮರು ಇನ್‌ಸ್ಟಾಲ್ ಬೇಕಿರಲಿಲ್ಲ. ಡಿಸ್ಮ್ ಎಂಬ ಆದೇಶಕ್ಕೆ ಹೊಸ ಪ್ರಾಡಕ್ಟ್ ಕೀ ಕೊಟ್ಟು ರೀಸ್ಟಾರ್ಟ್ ಮಾಡಿದರಾಯಿತು. ಮೇಲೇರಬಹುದು, ಕೆಳಗಿಳಿಯುವಂತಿಲ್ಲ.

ಸರ್ವರ್ 2012ರಲ್ಲಿ ಎಂಟರ್‌ಪ್ರೈಸ್ ಆವೃತ್ತಿ ಮಾಯವಾಗಿ, ಸ್ಟ್ಯಾಂಡರ್ಡ್‌ಗೂ ಡೇಟಾಸೆಂಟರ್‌ಗೂ ತಲಾ 4 ಟಿಬಿ ಸಿಕ್ಕಿತು. ಮೈಕ್ರೋಸಾಫ್ಟ್ ಉದಾರಿಯಾಯಿತೆಂದಲ್ಲ. ಒಂದೇ ಯಂತ್ರದೊಳಗೆ ಹಲವು ವರ್ಚುವಲ್ ಮಷೀನ್ ಓಡಿಸುವ ಕಾಲ ಬಂದಿತ್ತು. ಸ್ಟ್ಯಾಂಡರ್ಡ್‌ನ ಒಂದು ಲೈಸೆನ್ಸ್‌ಗೆ ಅಂಥವು ಎರಡೇ. ಡೇಟಾಸೆಂಟರ್‌ಗೆ ಎಷ್ಟಾದರೂ ಸರಿ.