ಪ್ರಾರ್ಥನೆಯೂ ಇರಲಿ, ಮಾತ್ರೆಯೂ ತಪ್ಪದಿರಲಿ

ಚೆನ್ನೈ: ಭಾನುವಾರದ ಆರಾಧನೆಯಲ್ಲಿ ಪ್ರಾರ್ಥನಾ ಬಿನ್ನಹಗಳನ್ನು ಓದುವುದು ಅನೇಕ ಚರ್ಚುಗಳಲ್ಲಿ ರೂಢಿ. ಇಂಥವರಿಗೆ ಬೈಪಾಸ್, ಇಂಥವರಿಗೆ ಕಣ್ಣಿನ ಆಪರೇಷನ್, ಇಂಥವರ ಮಗಳಿಗೆ ಹೆರಿಗೆ ಎಂದು ಹೆಸರು ಹಿಡಿದೇ ಹೇಳುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ನಾಲ್ಕು ಜನ ಬಂದು ವಿಚಾರಿಸುತ್ತಾರೆ. ಮರುದಿನ ಆಸ್ಪತ್ರೆಗೆ ಹಾರ್ಲಿಕ್ಸ್ ಬಾಟಲಿಯೂ ಹೋಗುತ್ತದೆ. ಆದರೆ ಮನೆಯ ಮಗ ಆರು ತಿಂಗಳಿನಿಂದ ಕೋಣೆ ಬಿಟ್ಟು ಹೊರಬರುತ್ತಿಲ್ಲ, ಯಾರೋ ತನ್ನನ್ನು ಬೈಯುವ ದನಿ ಕೇಳುತ್ತದೆ ಎನ್ನುತ್ತಾನೆ ಎಂದಾದರೆ, ಚೀಟಿಯಲ್ಲಿ ಬರೆಯುವುದು 'ಒಂದು ವಿಶೇಷ ಬಿನ್ನಹ' ಎಂದಷ್ಟೇ. ಹೆಸರಿಲ್ಲದ ಕಾಯಿಲೆಯನ್ನು ನೋಡಲು ಯಾರೂ ಹೋಗುವುದಿಲ್ಲ.

ಇದು ಕ್ರೈಸ್ತ ಬಾಂಧವರ ಮನೆಯ ಕಥೆ ಮಾತ್ರವಲ್ಲ, ಎಲ್ಲ ಮತದವರಲ್ಲೂ ಉಂಟು. ಆದರೆ ವಾರಕ್ಕೊಮ್ಮೆ ತಪ್ಪದೆ ಸೇರುವ ಸಭೆಯೊಂದು ಇರುವುದರಿಂದ, ಇಂಥ ಮನೆಗಳ ಕೈಹಿಡಿಯುವ ಅವಕಾಶ ಚರ್ಚಿಗೆ ಹೆಚ್ಚು ಎನ್ನಬಹುದು.

ಮಂಗಳೂರಿನಿಂದ ಕಿಲ್ಪಾಕ್‌ಗೆ

ಮನೋರೋಗ ಚಿಕಿತ್ಸೆಯಲ್ಲಿ ಚೆನ್ನೈಗೆ ಹೆಸರು ತಂದ ಡಾ. ಶಾರದಾ ಮೆನನ್ ಅವರು ಹುಟ್ಟಿದ್ದು ಮಂಗಳೂರಿನಲ್ಲಿ ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿದಿರಲಾರದು. 1923ರಲ್ಲಿ, ಮಂಗಳೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, ಮಲಯಾಳಿ ಕುಟುಂಬವೊಂದರಲ್ಲಿ ಜನಿಸಿದ ಅವರು ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ವೈದ್ಯಕೀಯ ಓದಿ, ಇಂದಿನ ನಿಮ್ಹಾನ್ಸ್ ಆಗಿರುವ ಬೆಂಗಳೂರಿನ ಸಂಸ್ಥೆಯಲ್ಲಿ ಮನೋವೈದ್ಯದ ತರಬೇತಿ ಪಡೆದರು. ದೇಶದ ಮೊದಲ ಮಹಿಳಾ ಮನೋವೈದ್ಯೆ ಎಂಬ ಗೌರವ ಅವರದು. 1961ರಿಂದ 1978ರವರೆಗೆ ಕಿಲ್ಪಾಕ್‌ನ ಸರಕಾರಿ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದರು. ನಿವೃತ್ತಿಯ ನಂತರ, 1984ರಲ್ಲಿ, ಸ್ಕಿಜೋಫ್ರೇನಿಯಾ ರೋಗಿಗಳಿಗಾಗಿ 'ಸ್ಕಾರ್ಫ್' ಸಂಸ್ಥೆಯನ್ನು ಕಟ್ಟಿದರು. 1992ರಲ್ಲಿ ಪದ್ಮಭೂಷಣ ಪಡೆದ ಅವರು 2021ರ ಡಿಸೆಂಬರ್‌ನಲ್ಲಿ 98ನೇ ವಯಸ್ಸಿನಲ್ಲಿ ನಿಧನರಾದರು. ಗೋಡೆಯೊಳಗೆ ಬಿಟ್ಟುಬಿಡುವ ರೋಗಿಯಲ್ಲ, ಮನೆಗೆ ಮರಳಿ ಬಾಳಬಲ್ಲ ಮನುಷ್ಯ ಎಂಬುದೇ ಅವರ ಜೀವಮಾನದ ಕೆಲಸದ ತಿರುಳು.

ಬಾಗಾಯಂನ ಪಾಠ

ಪ್ರಾರ್ಥನೆ ಮತ್ತು ಮದ್ದು ಒಂದೇ ಸೂರಿನಡಿ ಇರಬಲ್ಲವು ಎಂಬುದಕ್ಕೆ ಚೆನ್ನೈನಿಂದ ಮೂರು ಗಂಟೆ ದೂರದ ವೆಲ್ಲೂರೇ ಸಾಕ್ಷಿ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1957ರಲ್ಲಿ ಬಾಗಾಯಂನಲ್ಲಿ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆಯಿತು. ರೋಗಿಯ ಜತೆ ಮನೆಯವರೊಬ್ಬರು ಉಳಿಯಬೇಕೆಂಬುದು ಅಲ್ಲಿನ ಪದ್ಧತಿ. ಹುಚ್ಚಾಸ್ಪತ್ರೆಗೆ ಸೇರಿಸಿ ಕೈತೊಳೆದುಕೊಳ್ಳುವ ಕಾಲದಲ್ಲಿ ಇದು ದೊಡ್ಡ ಮಾತು. ಮನೆಯವರು ಕಾಯಿಲೆಯನ್ನು ಅರಿಯುತ್ತಾರೆ, ಮಾತ್ರೆ ಕೊಡುವುದನ್ನು ಕಲಿಯುತ್ತಾರೆ, ರೋಗಿಗೆ ತಾನು ಅನಾಥ ಎನಿಸುವುದಿಲ್ಲ.

ಬೈಬಲ್ ಬಲ್ಲವರಿಗೆ ಇದು ಹೊಸತಲ್ಲ. ಪ್ರವಾದಿ ಎಲೀಯ ಸೋತು ಸುಣ್ಣವಾಗಿ, ಸಾವನ್ನೇ ಬೇಡಿ ಗಿಡದ ಕೆಳಗೆ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ, ನಂಬಿಕೆ ಸಾಲದೆಂದು ಗದರಿಸಲಿಲ್ಲ. ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಮಾರ್ಕನ ಸುವಾರ್ತೆಯಲ್ಲಿ, ಸರಪಳಿ ಬಿಗಿಸಿಕೊಂಡು ಸಮಾಧಿಗಳ ನಡುವೆ ಅಲೆಯುತ್ತಿದ್ದವನನ್ನು ಗುಣಪಡಿಸಿದ ಯೇಸು, ಅವನನ್ನು ಸ್ವಂತ ಜನರ ಬಳಿಗೆ, ಮನೆಗೆ ಹೋಗೆಂದು ಕಳುಹಿಸಿದ.

ಸರಪಳಿಯ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. 2001ರ ಆಗಸ್ಟ್ 6ರಂದು ರಾಮನಾಥಪುರಂ ಜಿಲ್ಲೆಯ ಎರವಾಡಿಯಲ್ಲಿ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿದ್ದ ಕಾರಣ ಓಡಲಾಗದೆ 28 ಮನೋರೋಗಿಗಳು ಸತ್ತರು. ಗುಣವಾಗಲಿ ಎಂದು ಭಕ್ತಿಯಿಂದಲೇ ಮನೆಯವರು ಬಿಟ್ಟುಹೋದವರು ಅವರಲ್ಲಿದ್ದರು. 2017ರ ಮಾನಸಿಕ ಆರೋಗ್ಯ ಕಾಯಿದೆ ಮನೋರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ.

ಚಹಾ ಕೊಟ್ಟವರು

ಹಾಗಾದರೆ ಸಾಮಾನ್ಯ ಸಭಿಕರು ಏನು ಮಾಡಬಲ್ಲರು? 1953ರಲ್ಲಿ ಲಂಡನ್ನಿನ ಚರ್ಚೊಂದರಲ್ಲಿ ಚಾಡ್ ವಾರಾ ಎಂಬ ಪಾದ್ರಿ, ಬದುಕು ಸಾಕೆನಿಸಿದವರು ತನಗೆ ಫೋನ್ ಮಾಡಲಿ, ಬಂದು ಕಾಣಲಿ ಎಂದು ಸೇವೆಯೊಂದನ್ನು ಆರಂಭಿಸಿದರು. ಕಾದು ಕುಳಿತವರಿಗೆ ಚಹಾ ಕೊಡಲು ಕೆಲವು ಸ್ವಯಂಸೇವಕರು ಬಂದರು. ಬಂದವರಲ್ಲಿ ಅನೇಕರು ಚಹಾ ಕೊಟ್ಟವರ ಬಳಿಯೇ ಮನಸ್ಸು ಬಿಚ್ಚಿ, ಪಾದ್ರಿಯನ್ನು ಕಾಣದೆಯೇ ಹಗುರಾಗಿ ಹೋಗತೊಡಗಿದರು. ಇದನ್ನು ಗಮನಿಸಿದ ವಾರಾ ಕೇಳುವ ಕೆಲಸವನ್ನು ಆ ಸ್ವಯಂಸೇವಕರಿಗೇ ಒಪ್ಪಿಸಿದರು. ಅದೇ 'ಸಮಾರಿಟನ್ಸ್' ಸಂಸ್ಥೆಯಾಯಿತು. ಇದೇ ಬಗೆಯ ಆಲಿಸುವ ಸೇವೆಯನ್ನು ಚೆನ್ನೈಯಲ್ಲಿ 1986ರಲ್ಲಿ ಡಾ. ಲಕ್ಷ್ಮೀ ವಿಜಯಕುಮಾರ್ ಸ್ಥಾಪಿಸಿದ 'ಸ್ನೇಹಾ' ನಡೆಸುತ್ತ ಬಂದಿದೆ.

ಅಂದರೆ ಪಾಂಡಿತ್ಯ ಬೇಡ, ಕಿವಿ ಬೇಕು. ಆಸ್ಪತ್ರೆಯ ಕ್ಯೂನಲ್ಲಿ ತಾಯಿಯ ಜತೆ ಅರ್ಧ ದಿನ ಕೂರುವುದು, ವಾರಕ್ಕೊಂದು ದಿನ ಊಟ ಕಳುಹಿಸುವುದು, ಗುಣಮುಖನಾದ ಹುಡುಗನಿಗೆ ಗಾಯನ ತಂಡದಲ್ಲೋ ಪುಸ್ತಕ ಹಂಚುವುದರಲ್ಲೋ ಕೆಲಸ ಕೊಡುವುದು, ಇವೆಲ್ಲ ಸೇವೆಯೇ.

ಮಾಡಬಾರದ್ದೂ ಉಂಟು. 'ಪ್ರಾರ್ಥನೆ ಆಯಿತು, ಇನ್ನು ಮಾತ್ರೆ ಬೇಡ' ಎಂದು ಯಾರೂ ಹೇಳಕೂಡದು. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಲಿಥಿಯಂ ತೆಗೆದುಕೊಳ್ಳುವವರು ನೀರನ್ನೂ ಬಿಟ್ಟು ಉಪವಾಸ ಪ್ರಾರ್ಥನೆ ಮಾಡಿದರೆ ರಕ್ತದಲ್ಲಿ ಮದ್ದಿನ ಪ್ರಮಾಣ ಏರಿ ಅಪಾಯವಾಗಬಹುದು. ಉನ್ಮಾದ-ಖಿನ್ನತೆಯ ಕಾಯಿಲೆ ಇರುವವರಿಗೆ ರಾತ್ರಿಯಿಡೀ ಜಾಗರಣೆಯಿಂದ ನಿದ್ದೆಗೆಟ್ಟು ಉನ್ಮಾದ ಕೆರಳಬಹುದು. ಇಂಥವರಿಗೆ ಉಪವಾಸ, ಜಾಗರಣೆಯಿಂದ ವಿನಾಯಿತಿ ಇದೆ ಎಂದು ಫಾದರ್ ಅಥವಾ ಪಾಸ್ಟರ್ ಬಾಯಿಂದಲೇ ಬಂದರೆ ಮನೆಯವರಿಗೆ ಧೈರ್ಯ.

ಕನ್ನಡಿಗರ ಪಾಲಿನ ಕೆಲಸ

ಚೆನ್ನೈ ಕನ್ನಡಿಗರಿಗೆ ಇನ್ನೊಂದು ತೊಡಕು ಭಾಷೆಯದು. ಅಂಗಡಿಯ ತಮಿಳು ಬೇರೆ, ಮನಸ್ಸಿನ ನೋವು ಹೇಳುವ ಭಾಷೆ ಬೇರೆ. ಮಗನ ಮನೆಗೆಂದು ಊರಿನಿಂದ ಬಂದ ವೃದ್ಧ ತಾಯಿ 'ಎದೆ ಭಾರ, ಹೊಟ್ಟೆಯಲ್ಲಿ ಸಂಕಟ' ಎಂದರೆ ಅದು ಅಜೀರ್ಣವೋ ಖಿನ್ನತೆಯೋ ಎಂದು ತಿಳಿಯಲು ವೈದ್ಯರಿಗೆ ನಡುವೆ ಒಬ್ಬ ಕನ್ನಡ ಬಲ್ಲವರು ಬೇಕು. ಸಂಘದ ಸದಸ್ಯರು, ಯಾವ ಮತದವರೇ ಇರಲಿ, ಜತೆಗೆ ಹೋಗಿ ಮಾತು ದಾಟಿಸಬಹುದು. ಕೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕಬಾರದು ಎಂಬುದೊಂದೇ ನಿಯಮ. ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಉಚಿತ ಸಹಾಯವಾಣಿ (14416) ಕನ್ನಡದಲ್ಲೂ ಲಭ್ಯ.

ಚೀಟಿಯಲ್ಲಿ ಹೆಸರು ಬರೆಯಲೇಬೇಕೆಂದು ಯಾರನ್ನೂ ಒತ್ತಾಯಿಸುವಂತಿಲ್ಲ. ರೋಗಿಯ ಒಪ್ಪಿಗೆ ಇಲ್ಲದೆ ಓದುವುದೂ ಸಲ್ಲದು. ಆದರೆ ಬರೆದವರಿಗೆ ನಾಚಿಕೆಯಾಗದಂತೆ ನೋಡಿಕೊಳ್ಳುವುದು ಸಭೆಯ ಕೈಯಲ್ಲಿದೆ. 'ನಮ್ಮ ಮಗನಿಗೆ ಮನಸ್ಸಿನ ಕಾಯಿಲೆ, ಮದ್ದು ನಡೆಯುತ್ತಿದೆ, ಪ್ರಾರ್ಥಿಸಿ' ಎಂದು ಒಬ್ಬ ತಾಯಿ ಬರೆದ ಭಾನುವಾರ ಅಂಗಳದಲ್ಲಿ ಅದೇ ನಾಲ್ಕು ಜನ ಬಂದು ವಿಚಾರಿಸಲಿ. ಮರುದಿನ ಆ ಮನೆಗೂ ಒಂದು ಹಾರ್ಲಿಕ್ಸ್ ಬಾಟಲಿ ಹೋಗಲಿ.